ಹನ್ನೆರಡು ಹೆಜ್ಜೆ

ಬೆಳಿಗ್ಗೆ ಹತ್ತು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಬೆಟ್ಟದ ಬುಡದಲ್ಲಿದ್ದ ರಕ್ಷಣಾ ಠಾಣೆಯ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಬಾವಲಿ ಒಳಗೆ ನುಗ್ಗಿದ. ಮೊಣಕಾಲಿನವರೆಗೆ ಕೆಸರು ಮೆತ್ತಿತ್ತು. ಹಣೆಗೆ ಕಟ್ಟಿದ ದೀಪ ಇನ್ನೂ ಉರಿಯುತ್ತಿತ್ತು. ಹಾಡಹಗಲಲ್ಲಿ ದೀಪ ಉರಿಸಿಕೊಂಡು ಬಂದವನನ್ನು ಕಂಡು ಹಗ್ಗದಣ್ಣ ಏನೋ ತಮಾಷೆ ಮಾಡಲು ಬಾಯಿ ತೆರೆದ. ಅವನ ಮುಖ ನೋಡಿ ಮುಚ್ಚಿಕೊಂಡ.

"ಮಗಳು ಬಿದ್ದಿದ್ದಾಳೆ," ಎಂದ ಬಾವಲಿ. "ಗುಹೆಯೊಳಗೆ, ಎರಡನೇ ಹಜಾರದಲ್ಲಿ. ಕಾಲು ಆಡಿಸ್ತಿಲ್ಲ."

ಬಾವಲಿ ಎನ್ನುವುದು ಅವನ ಹೆಸರಲ್ಲ. ಇಪ್ಪತ್ತು ವರ್ಷ ಬೆಟ್ಟದ ಗುಹೆಯಲ್ಲಿ ಪ್ರವಾಸಿಗರಿಗೆ ದಾರಿ ತೋರಿಸಿ ತೋರಿಸಿ ಆ ಹೆಸರು ಅಂಟಿಕೊಂಡಿತ್ತು, ಅಪ್ಪ ಅಮ್ಮ ಇಟ್ಟದ್ದು ಎಲ್ಲರಿಗೂ ಮರೆತೇಹೋಗಿತ್ತು. ಅವನ ಒಂಬತ್ತು ವರ್ಷದ ಮಗಳನ್ನು ಎಲ್ಲರೂ ಅಳಿಲು ಎಂದು ಕರೆಯುತ್ತಿದ್ದರು. ಹತ್ತುವುದಕ್ಕೆ ಒಂದು ಗೋಡೆ ಕಂಡರೆ ಸಾಕು, ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಠಾಣೆಯಲ್ಲಿ ಆಗ ಇದ್ದವರು ಮೂವರು. ಹಗ್ಗದ ಕೆಲಸವೆಲ್ಲ ನೋಡಿಕೊಳ್ಳುವ ಹಗ್ಗದಣ್ಣ. ಕಲ್ಲು ಕಟ್ಟುವ ಕೆಲಸ ಬಿಟ್ಟು ಬಂದಿದ್ದ ಮೇಸ್ತ್ರಿ, ಮಾತು ಕಡಿಮೆ, ತೋಳಿನ ಬಲ ಜಾಸ್ತಿ. ಇವರಿಬ್ಬರ ಮೇಲೆ ಸಿಸ್ಟರ್. ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹದಿನೆಂಟು ವರ್ಷ ಪೆಟ್ಟು ತಿಂದ ಕತ್ತು, ಬೆನ್ನುಗಳನ್ನೇ ನೋಡಿದ್ದವರು. ಮಕ್ಕಳನ್ನು ಆಸ್ಪತ್ರೆಗೆ ತರುವವರೇ ದಾರಿಯಲ್ಲಿ ಅರ್ಧ ಕೆಡಿಸಿ ತರುತ್ತಾರೆ, ಅದಕ್ಕೆ ನಾನೇ ಹೋಗಿ ತರುತ್ತೇನೆ ಎಂದು ಹಟ ಹಿಡಿದು ಇಲ್ಲಿಗೆ ಬಂದಿದ್ದರು. ಐವತ್ತು ದಾಟಿತ್ತು. ನಯವಾಗಿ ಮಾತಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

"ಎಷ್ಟು ಎತ್ತರದಿಂದ ಬಿದ್ಲು?"

"ಎರಡಾಳು ಎತ್ತರ. ತಲೆ ಮತ್ತೆ ಭುಜ ಮೊದ್ಲು ಬಡೀತು."

"ಬಿದ್ದ ಮೇಲೆ ಯಾರಾದ್ರೂ ಎತ್ತಿದ್ರಾ? ಕೂರಿಸಿದ್ರಾ?"

"ಇಲ್ಲ."

"ಬಿದ್ದ ಮೇಲೆ ಒಂದ್ಸಲನಾದ್ರೂ ಕಾಲು ಆಡಿಸಿದ್ಲಾ?"

ಮೊದಲನೆಯ ಸುಳ್ಳು ಆಗಲೇ ಬಾವಲಿಯ ಬಾಯಿಂದ ಹೊರಬಿದ್ದಿತ್ತು. ಅದನ್ನು ಉಳಿಸಿಕೊಳ್ಳಬೇಕೆಂದರೆ ಎರಡನೆಯದನ್ನೂ ಹೇಳಲೇಬೇಕಿತ್ತು.

"ಇಲ್ಲ ಸಿಸ್ಟರ್. ಬಿದ್ದಾಗಿಂದ ಹಾಗೇ ಮಲಗಿದ್ದಾಳೆ."

ಸಿಸ್ಟರ್ ವೈರ್‌ಲೆಸ್ಸಿನಲ್ಲಿ ಆಸ್ಪತ್ರೆಯ ಡಾಕ್ಟ್ರಿಗೆ ಇದನ್ನೇ ಹೇಳಿದರು. ಡಾಕ್ಟ್ರ ದನಿ ಕರಕರ ಸದ್ದಿನ ನಡುವೆ ಬಂತು. ಬಿದ್ದ ಗಳಿಗೆಯಲ್ಲೇ ಕಾಲು ಹೋಗಿದ್ದರೆ ಅವಸರ ಮಾಡಿ ಬರುವುದು ಏನೂ ಇಲ್ಲ, ಎಷ್ಟು ಹೊತ್ತಾದರೂ ಸರಿ, ಕತ್ತು ಮಾತ್ರ ಅಲುಗಬಾರದು, ಅಲುಗಿದರೆ ಕೈಯೂ ಉಸಿರೂ ಹೋಗುತ್ತವೆ ಎಂದರು. ಸಿಸ್ಟರ್ ಕೆಲಸವನ್ನು ಒಂದೇ ಮಾತಿನಲ್ಲಿ ಎಲ್ಲರಿಗೂ ತಿಳಿಸಿದರು: ಹುಡುಗಿಯನ್ನು ಹೊರಗೆ ತರಬೇಕು, ಕತ್ತು ಕೂದಲೆಳೆಯಷ್ಟೂ ಅಲುಗಬಾರದು. ಹದಿನೈದು ನಿಮಿಷದಲ್ಲಿ ನಾಲ್ವರೂ ಬೆಟ್ಟದ ದಾರಿ ಹಿಡಿದಿದ್ದರು.

ನಡೆದದ್ದೇ ಬೇರೆ. ಗುಹೆಗೆ ಪ್ರವಾಸಿಗರು ಬಾರದ ಕಾಲ ಅದು. ಹಳೆಯ ಹಗ್ಗಗಳನ್ನು ನೋಡಿ ಬರೋಣ ಎಂದು ಬೆಳಿಗ್ಗೆ ಹೊರಟವನ ಹಿಂದೆ, ಶಾಲೆಗೆ ರಜೆ ಇದ್ದುದರಿಂದ, ಅಳಿಲು ಹಟ ಮಾಡಿ ಬಂದಿದ್ದಳು. ಬೇಡ ಎಂದು ಅವಳ ತಾಯಿ ಹೇಳಿದ್ದಳು. ನನ್ನ ಮಗಳಲ್ಲವೇ, ಅವಳಿಗೇನಾಗುತ್ತದೆ ಎಂದು ಇವನು ಮೀಸೆ ತಿರುವಿದ್ದ. ಹಜಾರದ ಗೋಡೆಯ ಚಾಚುಗಲ್ಲನ್ನು ಅವಳು ಹಗ್ಗವಿಲ್ಲದೆ ಹತ್ತಿ, "ಅಪ್ಪ, ನೋಡಿಲ್ಲಿ," ಎಂದು ತಿರುಗುವಾಗ ಕಾಲು ಜಾರಿತು.

ಗುಹೆಯ ಗೈಡುಗಳಿಗೆ ಒಂದು ಕಟ್ಟುಪಾಡಿದೆ. ಬಿದ್ದವರು ಮೊದಲು ಎದ್ದು ನಿಲ್ಲಬೇಕು, ಅಳುವುದು ಆಮೇಲೆ. ತಣ್ಣನೆಯ ಕಲ್ಲಿನ ಮೇಲೆ ಮಲಗಿದವರು ಹಾಗೇ ಸೆಟೆದುಕೊಳ್ಳುತ್ತಾರೆ ಎಂದು ಬಾವಲಿಗೆ ಅವನಪ್ಪ ಕಲಿಸಿದ್ದ. ಎರಡು ಪಕ್ಕೆಲುಬು ಮುರಿದಾಗಲೂ ಬಾವಲಿ ಹಾಗೆ ಎದ್ದು ನಿಂತವನೇ, ಅದನ್ನು ಹತ್ತು ಜನರೆದುರು ಹೇಳಿಕೊಂಡವನೇ. ಮಗಳ ಕಂಕುಳಿಗೆ ಕೈಹಾಕಿ, "ಏನೂ ಆಗಿಲ್ಲ, ಏಳು," ಎಂದು ಎಬ್ಬಿಸಿದ. ಅವಳು ಎದ್ದು ನಿಂತಳು. ಕತ್ತಲಲ್ಲಿ ಜನರನ್ನು ನಡೆಸುವಾಗ ಹೆಜ್ಜೆ ಎಣಿಸುವ ಅಭ್ಯಾಸ ಅವನದು. ಒಂದು, ಎರಡು ಎಂದು ಎಣಿಸುತ್ತ ಅವಳನ್ನು ನಡೆಸಿದ. ಹನ್ನೆರಡಕ್ಕೆ ಅವಳು ನಿಂತು, "ಅಪ್ಪ, ಕಾಲಲ್ಲಿ ಇರುವೆ ಹರೀತಿದೆ," ಎಂದಳು. ಮೆಲ್ಲಗೆ ಕುಸಿದು ಕೂತಳು. ಕಾಲು ಗಂಟೆ ಕಳೆಯುವಷ್ಟರಲ್ಲಿ ಕಾಲು ಅವಳ ಮಾತು ಕೇಳುವುದು ಬಿಟ್ಟಿತು.

ಎಬ್ಬಿಸಿದ್ದು ತಪ್ಪಾಯಿತು ಎಂದು ಅವನಿಗೆ ಆಗ ಹೊಳೆಯಿತು. ಅವಳನ್ನು ಅಂಗಾತ ಮಲಗಿಸಿದ. ಓಡುವ ಮುಂಚೆ ಬಗ್ಗಿ ಅವಳ ಕಿವಿಯಲ್ಲಿ ಹೇಳಿದ: "ನಾನು ಎಬ್ಬಿಸಿದ್ದು ಯಾರಿಗೂ ಹೇಳ್ಬೇಡ ಮಗಾ." ಅವಳು ಹೂಂ ಎಂದಳು. ಗುಹೆಯ ಬಾಯಲ್ಲಿ ದೀಪ, ಟೋಪಿ ಬಾಡಿಗೆ ಕೊಡುವ ಅಕ್ಕ ಮುಚ್ಚಿದ ಅಂಗಡಿ ಗುಡಿಸುತ್ತ ಸಿಕ್ಕಳು. ಅವಳನ್ನು ಮಗಳ ಬಳಿಗೆ ಕಳಿಸಿ, ಬೆಟ್ಟ ಇಳಿದು ಓಡಿದ.

ಈಗ ಅದೇ ಬೆಟ್ಟವನ್ನು ಮತ್ತೆ ಹತ್ತುತ್ತಿದ್ದ. ಕುರುಚಲು ಕಾಡು ಮುಗಿದ ಮೇಲೆ ಬೆಟ್ಟ ಬರಿ ಸುಣ್ಣಕಲ್ಲು, ಸಾವಿರಾರು ವರ್ಷದ ಮಳೆ ಅದನ್ನು ಕೊರೆದು ಚೂಪು ಏಣುಗಳಾಗಿ ಬಿಟ್ಟಿದೆ. ಬರಿಗೈ ಊರಿದರೆ ಅಂಗೈ ಸೀಳುತ್ತದೆ. ಬಂಡೆಗಳ ಸಂದಿಯಲ್ಲಿ ಗಿಡ್ಡ ಮರಗಳು ಬೇರನ್ನೆಲ್ಲ ಹೊರಗೇ ಬಿಟ್ಟುಕೊಂಡು ನಿಂತಿವೆ. ಮೇಲಕ್ಕೆ ಹೋದಷ್ಟೂ ಗಾಳಿ ತಣ್ಣಗಾಯಿತು, ಬೆಟ್ಟದ ನೆತ್ತಿಯ ಆಚೆ ಮೋಡ ಕಟ್ಟುತ್ತಿತ್ತು. ಅಲ್ಲಿ ಸುರಿದ ಮಳೆ ಒಂದೆರಡು ಗಂಟೆಯಲ್ಲಿ ಗುಹೆಯ ತೊರೆಗೆ ಇಳಿಯುತ್ತದೆ ಎಂಬುದು ಬಾವಲಿಗೆ ಗೊತ್ತಿತ್ತು. ಹೇಳಿದ. ಸಿಸ್ಟರ್ ತಲೆ ಎತ್ತಿ ಮೋಡ ನೋಡಿದರು, ನಡಿಗೆ ಜೋರು ಮಾಡಿದರು.

ಒಳಗೆ ಹೋದದ್ದು ನೀರ್ದಾರಿಯಲ್ಲಿ. ತೊರೆಯ ಜೊತೆಗೇ ಹೋಗುವ ದಾರಿ ಅದು, ಮುಕ್ಕಾಲು ಗಂಟೆ ಸಾಕು. ನಡುವೆ ಒಂದು ಕಡೆ ಸೂರು ಕೆಳಗಿಳಿದು, ಎರಡು ಪಕ್ಕದ ಬಂಡೆ ಒತ್ತಿಕೊಂಡು, ಒಬ್ಬರ ಹಿಂದೆ ಒಬ್ಬರು ಸೊಂಟಮಟ್ಟದ ನೀರಿನಲ್ಲಿ ನುಸುಳಬೇಕು. ಗೈಡುಗಳು ಆ ಜಾಗಕ್ಕೆ ಕೊರಳು ಎನ್ನುತ್ತಾರೆ. ದಿನಕ್ಕೆ ಹತ್ತು ಸಲ, ಕೊರಳು ಬಂತು, ತಲೆ ಬಗ್ಗಿಸಿ ಎಂದು ಕೂಗಿ ಜನರನ್ನು ನಗಿಸುತ್ತಿದ್ದವನ ಬಾಯಿಗೆ ಇವತ್ತು ಆ ಮಾತು ಬರಲಿಲ್ಲ. "ಇಕ್ಕಟ್ಟು ಜಾಗ, ಹುಷಾರು," ಎಂದಷ್ಟೇ ಹೇಳಿದ.

ಹಜಾರದಲ್ಲಿ ಅಕ್ಕ ತನ್ನ ಕೋಟನ್ನು ಹುಡುಗಿಗೆ ಹೊದಿಸಿ ಪಕ್ಕದಲ್ಲಿ ಕೂತು ತಲೆ ಸವರುತ್ತಿದ್ದಳು. ಸಿಸ್ಟರ್ ಮೊದಲು ಆ ಕೈ ತೆಗೆಸಿದರು. ಪಕ್ಕದಿಂದ ಯಾರೂ ಕರೆಯಬೇಡಿ, ತಿರುಗಿ ನೋಡುತ್ತಾಳೆ ಎಂದರು. ತಾವು ಹುಡುಗಿಯ ತಲೆಯ ಹಿಂದೆ ಕಲ್ಲಿನ ಮೇಲೆ ಬೋರಲು ಮಲಗಿ, ಎರಡು ಅಂಗೈಯಲ್ಲಿ ತಲೆಯನ್ನು ಹಿಡಿದರು. ಮುಖವನ್ನು ಅವಳ ಕಣ್ಣಿಗೆ ನೇರವಾಗಿ ತಂದರು.

ಹಗ್ಗದಣ್ಣನಿಗೆ ಮಕ್ಕಳೆಂದರೆ ಪ್ರಾಣ. ತಡೆಯಲಾರದೆ, "ತುಂಬಾ ನೋವಿದೆಯಾ ಪುಟ್ಟಾ?" ಎಂದುಬಿಟ್ಟ. ಅಳಿಲು ಉಹೂಂ ಎನ್ನುತ್ತ ತಲೆ ಆಡಿಸಲು ಹೊರಟಳು. ಸಿಸ್ಟರ್ ಕೈ ಬಿಗಿಯಾಗದಿದ್ದರೆ ಆಡಿಸಿಯೇಬಿಡುತ್ತಿದ್ದಳು.

"ಹೂಂ ಉಹೂಂ ಅನ್ನೋ ಪ್ರಶ್ನೆ ಯಾರೂ ಕೇಳಕೂಡದು," ಎಂದರು ಸಿಸ್ಟರ್, ದನಿ ಏರಿಸದೆ. "ಬಾಯಿಗೆ ಮುಂಚೆ ತಲೆ ಉತ್ತರ ಕೊಡುತ್ತೆ. ಬಾಯಿ ತೆರೆದೇ ಹೇಳಬೇಕಾದ್ದನ್ನ ಕೇಳಿ. ಇಲ್ಲಾಂದ್ರೆ ಸುಮ್ನಿರಿ."

ಆಮೇಲೆ ಅವರೇ ಕೇಳಿದರು. ಎಷ್ಟು ಹಲ್ಲು ಬಿದ್ದಿವೆ, ಯಾವ ಕಡೆದು, ಕ್ಲಾಸಲ್ಲಿ ಪಕ್ಕದಲ್ಲಿ ಯಾರು ಕೂರುತ್ತಾರೆ. ಅಳಿಲು ಒಂದೊಂದಕ್ಕೂ ಮಾತಿನಲ್ಲಿ ಉತ್ತರ ಕೊಟ್ಟಳು. ಮೇಸ್ತ್ರಿಯ ಕೈಬೆರಳು ಒತ್ತಲು ಹೇಳಿದರು, ಚೆನ್ನಾಗಿ ಒತ್ತಿದಳು. ಅವನಿಂದಲೇ ಕಾಲಿಗೆ ಸೂಜಿ ತಾಗಿಸಿದರು, ಅದು ಅವಳಿಗೆ ಗೊತ್ತೇ ಆಗಲಿಲ್ಲ.

"ಬಿದ್ದ ಮೇಲೆ ನೀನು ಏನ್ ಮಾಡ್ದೆ?"

ಅಳಿಲಿನ ಕಣ್ಣು ಸಿಸ್ಟರ್ ಮುಖ ಬಿಟ್ಟು ಮೇಲೆ, ದೀಪ ಹಿಡಿದು ನಿಂತಿದ್ದ ಅಪ್ಪನ ಕಡೆ ಹೋದವು. "ಮಲಗೇ ಇದ್ದೆ," ಎಂದಳು.

ಬಾವಲಿ ದೀಪವನ್ನು ಬೇರೆ ಕಡೆ ತಿರುಗಿಸಿದ. ಮಗಳು ಮಾತು ಉಳಿಸಿಕೊಂಡಳು ಎಂದು ಆ ಗಳಿಗೆ ಅವನ ಮನಸ್ಸಿಗೆ ಹಾಯೆನಿಸಿತು. ಅಂಥ ಸಮಾಧಾನ ಯಾವ ತಂದೆಗೂ ಬೇಡ.

ಸ್ಟ್ರೆಚರ್ ಸಿದ್ಧ ಮಾಡುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಮಕ್ಕಳ ತಲೆ ಮೈಯ ಲೆಕ್ಕಕ್ಕೆ ದೊಡ್ಡದು, ದೊಡ್ಡವರನ್ನು ಮಲಗಿಸಿದ ಹಾಗೆ ಸಪಾಟು ಹಲಗೆಯ ಮೇಲೆ ಮಲಗಿಸಿದರೆ ಗದ್ದ ಎದೆಗೆ ಬಂದು ಕತ್ತು ಮಡಚುತ್ತದೆ. ಸಿಸ್ಟರ್ ಭುಜದಿಂದ ಸೊಂಟದವರೆಗೆ ಕಂಬಳಿ ಮಡಚಿ ಹಾಸಿಸಿದರು. ಮೇಸ್ತ್ರಿ ಒಂದು ಕಣ್ಣು ಮುಚ್ಚಿ ಗೋಡೆಯ ನೇರ ನೋಡುವ ಹಾಗೆ ಪಕ್ಕದಿಂದ ನೋಡಿ, ಕಿವಿಯೂ ಭುಜವೂ ಒಂದೇ ಗೆರೆಗೆ ಬರಲು ಇನ್ನೊಂದು ಮಡಿಕೆ ಬೇಕು ಎಂದ. ಹಾಕಿದರು. ತಲೆಯ ಎರಡು ಪಕ್ಕಕ್ಕೂ ಸುತ್ತಿದ ಟವೆಲ್ ಇಟ್ಟು ಪಟ್ಟಿ ಬಿಗಿದರು. ತಲೆ ಹಿಡಿದವರು ಎಣಿಸಬೇಕು, ಮೂರು ಎಂದಾಗಲೇ ಉಳಿದವರು ಎತ್ತಬೇಕು ಎಂಬುದು ಇವರ ನಿಯಮ. ಬೇರೆ ಯಾರ ಬಾಯಿಗೂ ಅಲ್ಲಿ ಬೆಲೆಯಿಲ್ಲ.

ಹೊರಗೆ ಹೋಗಲು ಒಣದಾರಿ ಹಿಡಿಯುವುದೆಂದು ಸಿಸ್ಟರ್ ತೀರ್ಮಾನಿಸಿದರು. ಮೇಲಿನ ಅಂತಸ್ತಿನ ಹಳೆಯ ಸುರಂಗ ಅದು. ಐದು ಗಂಟೆಯ ದಾರಿ, ಮೂರು ಕಡೆ ಹಗ್ಗದಲ್ಲಿ ಎಳೆಯಬೇಕು, ಆದರೆ ನೀರಿಲ್ಲ, ಇಕ್ಕಟ್ಟಿಲ್ಲ, ಸ್ಟ್ರೆಚರ್ ವಾಲಿಸಬೇಕಾಗಿಲ್ಲ. ಅವಸರವಿಲ್ಲ ಎಂದು ಡಾಕ್ಟ್ರೇ ಹೇಳಿದ್ದಾರಲ್ಲ ಎಂದರು. ನಿಧಾನ ಅಂದರೆ ಒಳ್ಳೆಯದೇ ಇರಬೇಕು ಎಂದುಕೊಂಡ ಬಾವಲಿ. ಅಕ್ಕನನ್ನು ನೀರ್ದಾರಿಯಲ್ಲೇ ವಾಪಸು ಕಳಿಸಿದರು.

ಮೊದಲ ಏರಿನಲ್ಲೇ ಕಂಟಕ ಕಾದಿತ್ತು.

ಹಗ್ಗದಣ್ಣ ಮೇಲೆ ಕೂತು ಹಗ್ಗ ಎಳೆಯುತ್ತಿದ್ದ. ಮೇಸ್ತ್ರಿ ಕೆಳಗಿನಿಂದ ಸ್ಟ್ರೆಚರಿಗೆ ಹೆಗಲು ಕೊಟ್ಟಿದ್ದ. ಹಗ್ಗ ಹಾದಿದ್ದ ಬಂಡೆಯ ತುಂಡೊಂದು ಕಿತ್ತು ಬಂತು.

ಬಾವಲಿ ಜಿಗಿದು ಅಡ್ಡ ನಿಂತ. ಕಲ್ಲು ಅವನ ತೋಳಿಗೆ ಬಡಿದು ಪಕ್ಕಕ್ಕೆ ಹಾರಿತು. ಹಗ್ಗ ಒಂದು ಗೇಣು ಸಡಿಲವಾಯಿತು, ಸ್ಟ್ರೆಚರ್ ಒಮ್ಮೆ ಜಗ್ಗಿ ನಿಂತಿತು.



"ನಿನ್ನ ಪಕ್ಕದಲ್ಲಿ ಕೂರೋಳ ಹೆಸರು ಇನ್ನೊಂದ್ಸಲ ಹೇಳು," ಎಂದರು ಸಿಸ್ಟರ್. ಅಳಿಲು ಹೇಳಿದಳು. ದನಿ ಇತ್ತು, ಕೈಯೂ ಆಡಿತು. ಹಗ್ಗದಣ್ಣ ಮೇಲಿನಿಂದಲೇ ಕಣ್ಣೊರೆಸಿಕೊಂಡು ಎಳೆಯತೊಡಗಿದ.

ಮೇಲಿನ ಸುರಂಗ ಬೇರೆಯೇ ಲೋಕ. ದೀಪ ತಾಗಿದ ಕಡೆಯೆಲ್ಲ ಸುಣ್ಣ ತೊಟ್ಟಿಕ್ಕಿ ಹೆಪ್ಪುಗಟ್ಟಿದ ಬಿಳಿಯ ಕಡ್ಡಿಗಳು, ಕೆಲವು ಮೇಲಿನಿಂದ ಇಳಿದು, ಕೆಲವು ಕೆಳಗಿನಿಂದ ಬೆಳೆದು ನಿಂತಿದ್ದವು. ನೆಲದ ಮೇಲೆ ಪಾದ ಮುಳುಗುವಷ್ಟು ಒಣಧೂಳು, ಹೆಜ್ಜೆಯ ಸದ್ದೇ ಕೇಳದು. ನೂರಾರು ಜನರನ್ನು ಇಲ್ಲಿಗೆ ಕರೆತಂದು ಬಾಯಿಪಾಠದ ಮಾತು ಒಪ್ಪಿಸಿದ್ದವನು ಈಗ ತಲೆ ತಗ್ಗಿಸಿ ಸ್ಟ್ರೆಚರಿನ ಕಾಲು ಕಡೆ ಹಿಡಿದು ನಡೆಯುತ್ತಿದ್ದ. ಮಗಳ ಬೂಟುಗಳು ಅವನ ಎದೆಗೆ ತಾಗುತ್ತಿದ್ದವು. ಅವು ತಾವಾಗಿ ಒಮ್ಮೆಯಾದರೂ ಅಲುಗುತ್ತವೇನೋ ಎಂದು ನೋಡುತ್ತಲೇ ಇದ್ದ.

ಕಾಲು ಗಂಟೆಗೊಮ್ಮೆ ಸಿಸ್ಟರ್ ನಿಲ್ಲಿಸಿ ಅಳಿಲಿನ ಕೈಯಲ್ಲಿ ತಮ್ಮ ಬೆರಳಿಟ್ಟು ಒತ್ತು ಎನ್ನುತ್ತಿದ್ದರು. ನಾಲ್ಕನೆಯ ಸಲ ಇನ್ನೊಮ್ಮೆ ಒತ್ತು ಎಂದರು. ಮತ್ತೂ ಒಮ್ಮೆ ಒತ್ತಿಸಿದರು. ಹಣೆ ಗಂಟಿಕ್ಕಿತು.

"ಇರೋ ಬಲ ಎಲ್ಲಾ ಹಾಕಿ ಒತ್ತಿದೆ ಸಿಸ್ಟರ್," ಎಂದಳು ಅಳಿಲು. "ಸಾಲದಾ?"

ಸಾಲದು ಎಂದು ಅವರು ಹೇಳಲಿಲ್ಲ. ಸ್ಟ್ರೆಚರ್ ಇಳಿಸಿ ಮೂವರನ್ನೂ ನೋಡಿದರು. "ಇದು ಲೆಕ್ಕಕ್ಕೆ ಸಿಕ್ತಿಲ್ಲ. ಬಿದ್ದಾಗ್ಲೇ ಕಾಲು ಪೂರ್ತಿ ಹೋಗಿದ್ರೆ, ನಾವು ಇಷ್ಟು ಜೋಪಾನವಾಗಿ ತರ್ತಿರುವಾಗ ಈಗ ಕೈ ಯಾಕೆ ಸಡಿಲ ಆಗ್ತಿದೆ? ಬೆಳಿಗ್ಗೆ ಒಂದ್ಸಲನಾದ್ರೂ ಆ ಕಾಲು ಆಡಿತ್ತು ಅಂತಿದ್ರೆ ನಾನು ಈ ದಾರಿಗೆ ಬರ್ತಾನೇ ಇರ್ಲಿಲ್ಲ. ನೀರಲ್ಲಾದ್ರೂ ಸರಿ, ಓಡಿಸ್ಕೊಂಡು ಹೋಗ್ತಿದ್ದೆ."

ತನ್ನ ಸುಳ್ಳು ಏನು ಮಾಡಿತೆಂದು ಬಾವಲಿಗೆ ಆಗ ಅರ್ಥವಾಯಿತು. ಆದರೂ ಬಾಯಿ ತೆರೆಯಲಿಲ್ಲ. ಒಂದು ನಿಮಿಷವೋ ಎರಡು ನಿಮಿಷವೋ. ಮನುಷ್ಯನಿಗೆ ತನ್ನ ಮಾನ ಎಷ್ಟು ದೊಡ್ಡದು ಎಂದರೆ, ಎದುರಿಗೆ ಮಗಳು ಕೈಬೆರಳು ಕಳೆದುಕೊಳ್ಳುತ್ತಿರುವಾಗಲೂ ಅವನು ಎರಡು ನಿಮಿಷ ಅದನ್ನು ಅಪ್ಪಿಕೊಂಡು ನಿಂತ. ಅಳಿಲಿನ ಕಣ್ಣು ಮಾತ್ರ ಸಿಸ್ಟರ್ ಮುಖದಿಂದ ಅವನ ಕಡೆಗೆ, ಅವನಿಂದ ಸಿಸ್ಟರ್ ಕಡೆಗೆ ಓಡಾಡುತ್ತಿತ್ತು.

"ನಡೆದಿದ್ಲು," ಎಂದ ಕೊನೆಗೆ.

"ಏನು?"

"ಬಿದ್ದ ಮೇಲೆ ನಾನೇ ಎಬ್ಬಿಸ್ದೆ. ನಡೆದ್ಲು. ಆಮೇಲೆ ಕಾಲು ಹೋಯ್ತು."

"ಎಷ್ಟು ಹೆಜ್ಜೆ?"

"ಹನ್ನೆರಡು."

ಹಗ್ಗದಣ್ಣ ಕೆಟ್ಟ ಮಾತೊಂದನ್ನು ಹೇಳಿ ಗೋಡೆಯ ಕಡೆ ತಿರುಗಿದ. ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಬಾವಲಿಗೆ ಎಷ್ಟೋ ಸಲೀಸಾಗುತ್ತಿತ್ತು. ಹನ್ನೆರಡು ಹೆಜ್ಜೆ ನಡೆದ ಕಾಲು ಎಂದರೆ ಒಳಗಿನ ನರದ ಹುರಿ ಬಿದ್ದಾಗ ಕಡಿದಿರಲಿಲ್ಲ, ಜಜ್ಜಿದ ಜಾಗ ಊದಿಯೋ ರಕ್ತ ಕಟ್ಟಿಯೋ ಈಗ ಅದನ್ನು ಹಿಸುಕುತ್ತಿರಬೇಕು, ಬೇಗ ತಲುಪಿದರೆ ಡಾಕ್ಟ್ರು ಬಿಡಿಸಬಹುದು, ತಡವಾದಷ್ಟೂ ಹುರಿ ಸಾಯುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದರು. ಆಮೇಲೆ ಅವನ ಹತ್ತಿರ ಬಂದರು.

"ಎಬ್ಬಿಸಿದ್ದು ತಪ್ಪು. ಗೊತ್ತಿಲ್ದೆ ಮಾಡ್ದೆ, ಹೋಗ್ಲಿ. ಬೆಳಿಗ್ಗೆಯಿಂದ ನನಗೆ ಬೇಕಾಗಿದ್ದ ಒಂದೇ ಒಂದು ಒಳ್ಳೇ ಸುದ್ದಿ ಅದು. ಅದನ್ನ ನೀನು ಜೇಬಲ್ಲಿಟ್ಕೊಂಡು ಓಡಾಡ್ತಿದ್ದೀಯ."

ಸ್ಟ್ರೆಚರಿನಿಂದ ಸಣ್ಣ ದನಿ ಬಂತು. "ನಾನ್ ಹೇಳ್ಲಿಲ್ಲ ಅಪ್ಪ. ನೀನೇ ಹೇಳಿದ್ದು."

ಮೇಸ್ತ್ರಿ ಇಡೀ ದಿನದಲ್ಲಿ ಎರಡನೇ ಸಲ ತಾನಾಗಿ ಬಾಯಿಬಿಟ್ಟ. "ಎತ್ತಿ," ಎಂದ.

ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿದರು. ಒಂದು ಗಂಟೆಗೂ ಹೆಚ್ಚು ಹೊತ್ತು ಹತ್ತಿದ್ದನ್ನು ಅರ್ಧ ಗಂಟೆಯಲ್ಲಿ ಇಳಿದರು. ಕೈ ತರಚಿತು, ಮೊಣಕಾಲು ಒಡೆಯಿತು, ಯಾರೂ ನಿಲ್ಲಲಿಲ್ಲ. ಹಜಾರಕ್ಕೆ ಇಳಿಯುವಾಗಲೇ ತೊರೆಯ ಸದ್ದು ಬದಲಾಗಿದ್ದು ಬಾವಲಿಯ ಕಿವಿಗೆ ಬಿತ್ತು. ಬೆಳಿಗ್ಗೆ ಗುಳುಗುಳು ಎನ್ನುತ್ತಿದ್ದದ್ದು ಈಗ ಮೊರೆಯುತ್ತಿತ್ತು. ಮೇಲಿನ ಮಳೆ ಇಳಿದಿತ್ತು.

ಕೊರಳಿನಲ್ಲಿ ನೀರು ಎದೆಯ ಮಟ್ಟ ದಾಟಿತ್ತು. ನೀರಿಗೂ ಸೂರಿಗೂ ನಡುವೆ ಉಳಿದದ್ದು ಒಂದೂವರೆ ಮೊಳ. ಹಗ್ಗದಣ್ಣ ಚೀಲದಲ್ಲಿ ಹೊತ್ತು ತಂದಿದ್ದ ಟಯರಿನ ಟ್ಯೂಬುಗಳನ್ನು ಪಂಪಿನಿಂದ ಉಬ್ಬಿಸಿ ಸ್ಟ್ರೆಚರಿನ ಎರಡು ಪಕ್ಕಕ್ಕೆ ಕಟ್ಟಿದ. ತೇಲಿಸಿಕೊಂಡು ಹೋಗುವುದೊಂದೇ ದಾರಿ. ತಲೆಯ ಕಡೆ ಮುಂದೆ ಇರಬೇಕು, ತಲೆ ಹಿಡಿದವರು ಬೆನ್ನು ಮುಂದು ಮಾಡಿ ಹಿಂದುಹಿಂದಕ್ಕೆ ನಡೆಯಬೇಕು, ಬಂಡೆಯ ಒಂದೊಂದು ಮೂಲೆಯೂ ಕಣ್ಣಿಲ್ಲದೆ ಗೊತ್ತಿರಬೇಕು. ಸಿಸ್ಟರ್ ದಪ್ಪ ಮೈಯವರು, ಬೆಳಿಗ್ಗೆ ಒಬ್ಬರೇ ನುಸುಳುವಾಗಲೇ ಎರಡು ಕಡೆ ಸಿಕ್ಕಿಬಿದ್ದಿದ್ದರು.

"ತಲೆ ನೀನು ಹಿಡಿ," ಎಂದರು ಬಾವಲಿಗೆ. "ನಿನ್ನ ನಂಬಿ ಕೊಡ್ತಿಲ್ಲ. ಇಲ್ಲಿ ಬೇರೆ ಯಾರ ಕೈಲೂ ಆಗಲ್ಲ ಅಂತ ಕೊಡ್ತಿದ್ದೀನಿ."

ಅವನು ಮಗಳ ತಲೆಯನ್ನು ಎರಡು ಅಂಗೈಯಲ್ಲಿ ತೆಗೆದುಕೊಂಡ. ಅವಳು ಹುಟ್ಟಿದ ದಿನ ಹೀಗೆ ಹಿಡಿದಿದ್ದ, ಕತ್ತು ನಿಲ್ಲದ ಕೂಸನ್ನು.

"ಅಪ್ಪ, ನೀರು ಕಿವಿಗೆ ಹೋಗುತ್ತೆ."

"ಹೋಗ್ಲಿ ಮಗಾ. ನನ್ನ ಗದ್ದ ನೋಡ್ತಿರು. ಗದ್ದದಲ್ಲಿ ಎಷ್ಟು ಬಿಳಿಕೂದ್ಲಿದೆ ಅಂತ ಆಮೇಲೆ ಹೇಳ್ಬೇಕು."

ಒಂದು, ಎರಡು, ಮೂರು ಎಂದ. ಸ್ಟ್ರೆಚರ್ ಒಂದು ಮೊಳ ಸರಿಯಿತು.

ಮತ್ತೆ ಎಣಿಸಿದ. ಮತ್ತೆ ಒಂದು ಮೊಳ.

ನೀರು ಕೊರೆಯುತ್ತಿತ್ತು. ಕಾಲ ಕೆಳಗೆ ಕಲ್ಲು ಉರುಳುತ್ತಿದ್ದವು. ಬಲಗಡೆ ಚಾಚುಮೂಲೆ ಬರುತ್ತದೆಂದು ಬೆನ್ನಿನಿಂದಲೇ ತಡಕಿ ಎಡಕ್ಕೆ ವಾಲಿದ. ಸ್ಟ್ರೆಚರ್ ಅವನ ಹಿಂದೆ ವಾಲದೆ ಬಂತು.

ನಡುವಿಗೆ ಬಂದಾಗ ಹೊಸ ನೀರಿನ ಅಲೆಯೊಂದು ತಳ್ಳಿತು. ಸೂರು ಅವನ ಹಣೆಗೆ ಬಡಿದು ದೀಪ ಪುಡಿಯಾಯಿತು. ಕತ್ತಲು. ಸ್ಟ್ರೆಚರ್ ಪಕ್ಕದ ಗೋಡೆಯ ಕಡೆ ಧಾವಿಸಿತು.

ಅವನು ಕೈ ಬಿಡಲಿಲ್ಲ. ಗೋಡೆಗೂ ಮಗಳ ತಲೆಗೂ ನಡುವೆ ತನ್ನ ಮುಂಗೈ ಸಿಕ್ಕಿಸಿದ. ಬಂಡೆಗೆ ಗೆಣ್ಣಿನ ಚರ್ಮವೆಲ್ಲ ಸುಲಿದುಹೋಯಿತು. ಆ ಕೈಯ ಎರಡು ಬೆರಳು ಮುರಿದದ್ದು ಸಂಜೆ ಆಸ್ಪತ್ರೆಯಲ್ಲಿ ಯಾರೋ ತೋರಿಸುವವರೆಗೆ ಅವನಿಗೆ ಗೊತ್ತಾಗಲಿಲ್ಲ.

"ಬಾವಲಿ, ಎಣಿಸು," ಎಂದಿತು ಹಿಂದಿನಿಂದ ಸಿಸ್ಟರ್ ದನಿ.

ಎಣಿಸಿದ. ಹದಿನೇಳು ಸಲ ಮೂರರವರೆಗೆ ಎಣಿಸಿದ ಮೇಲೆ ಸೂರು ಮೇಲಕ್ಕೆ ಎದ್ದಿತು, ಬೆನ್ನಿಗೆ ಗಾಳಿ ತಾಗಿತು. ದೂರದಲ್ಲಿ ಗುಹೆಯ ಬಾಯಿ ಬೂದುಬಣ್ಣದ ತೂತಾಗಿ ಕಂಡಿತು. ಅಳಿಲಿನ ಕಿವಿಯೊಳಗೆ ನೀರು ಹೋಗಿತ್ತು. ಉಸಿರಾಡುತ್ತಿದ್ದಳು. ಬೆರಳು ಇನ್ನೂ ಒತ್ತುತ್ತಿತ್ತು, ಬಹಳ ಮೆಲ್ಲಗೆ.

ಬೆಟ್ಟ ಇಳಿಸಲು ಅಕ್ಕ ಕೆಳಗಿನ ಊರಿನಿಂದ ಎಂಟು ಜನರನ್ನು ಕೂಗಿ ತಂದಿದ್ದಳು. ದಾರಿಯುದ್ದಕ್ಕೂ ಕೈ ಬದಲಿಸಿಕೊಂಡು ಹೊತ್ತರು, ಎಣಿಸುತ್ತಿದ್ದವರು ಸಿಸ್ಟರ್ ಒಬ್ಬರೇ. ಐದು ಗಂಟೆಗೆ ಆಸ್ಪತ್ರೆ ಮುಟ್ಟಿದರು. ಹೊತ್ತು ಮುಳುಗುವ ಮುಂಚೆ ಡಾಕ್ಟ್ರು ಹುಡುಗಿಯನ್ನು ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು. ಮೇಸ್ತ್ರಿ ಮತ್ತು ಹಗ್ಗದಣ್ಣ ಕಾರಿಡಾರಿನ ಬೆಂಚಿನ ಮೇಲೆ ಒದ್ದೆ ಬಟ್ಟೆಯಲ್ಲೇ ಕೂತು ಚಹಾ ಕುಡಿದರು. ಕತ್ತು ಅಲುಗದೆ ತಂದೆವು ಎಂಬ ಸಮಾಧಾನ ಅವರ ಮುಖದಲ್ಲಿ ಇಷ್ಟೇ ಇಷ್ಟು ಕಂಡಿತು. ಬಾವಲಿಗೂ ಒಂದು ಲೋಟ ತಂದಿಟ್ಟರು, ಪಕ್ಕದಲ್ಲಿ ಮಾತ್ರ ಯಾರೂ ಕೂರಲಿಲ್ಲ.

ಹೊಲಿಗೆ ಅಂಗಡಿಯಿಂದ ಓಡಿ ಬಂದ ಹೆಂಡತಿಗೆ ಅವನೇ ಎಲ್ಲ ಹೇಳಿದ. ಎಬ್ಬಿಸಿದ್ದು, ನಡೆಸಿದ್ದು, ಮುಚ್ಚಿಟ್ಟದ್ದು, ಮಗಳಿಂದಲೂ ಮುಚ್ಚಿಡಿಸಿದ್ದು. ಅವಳು ಕೊನೆಯವರೆಗೂ ಕೇಳಿದಳು. ಅವನ ಕಡೆ ಮುಖ ಎತ್ತಿ ನೋಡುವುದನ್ನು ಅವತ್ತಿನಿಂದ ಬಿಟ್ಟಳು. ಔಷಧಿ ತರಬೇಕಾದರೆ ಚೀಟಿಯನ್ನು ಮೇಜಿನ ಮೇಲೆ ಇಡುತ್ತಿದ್ದಳು, ಅವನು ತೆಗೆದುಕೊಂಡು ಹೋಗುತ್ತಿದ್ದ.

ರಕ್ತ ಕಟ್ಟಿದ್ದನ್ನು ತೆಗೆದಿದ್ದೇವೆ, ಇನ್ನು ಕಾದು ನೋಡಬೇಕು ಎಂದಿದ್ದರು ಡಾಕ್ಟ್ರು. ಮೂರನೆಯ ದಿನ ಕೈಗೆ ಬಲ ಬಂತು. ಬಾವಲಿ ಧೈರ್ಯ ಮಾಡಿ ಸಿಸ್ಟರನ್ನು ಮೆಟ್ಟಿಲ ಹತ್ತಿರ ತಡೆದು, ಒಣದಾರಿಯಲ್ಲಿ ಹೋದ ಆ ಹೊತ್ತು ಉಳಿದಿದ್ದರೆ ಕಾಲೂ ಬರುತ್ತಿತ್ತೇ ಎಂದು ಕೇಳಿದ. ಇಲ್ಲ ಎನ್ನಲಿ ಎಂದು ಅವನ ಜೀವ ಬೇಡುತ್ತಿತ್ತು.

"ಗೊತ್ತಿಲ್ಲ," ಎಂದರು ಸಿಸ್ಟರ್. "ನಿನಗೂ ಗೊತ್ತಾಗಲ್ಲ. ಸಾಯೋವರೆಗೂ ಗೊತ್ತಾಗಲ್ಲ."

ಒಂಬತ್ತನೆಯ ದಿನ ಬೆಳಿಗ್ಗೆ ಡಾಕ್ಟ್ರು ವಾರ್ಡಿಗೆ ಬಂದಾಗ ಕಿಟಕಿಯಿಂದ ಬಿಸಿಲು ಮಂಚದ ಕಾಲಿನವರೆಗೆ ಚಾಚಿತ್ತು. ತಾಯಿ ತಲೆಯ ಹತ್ತಿರ ನಿಂತಿದ್ದಳು. ರಜೆಯಿದ್ದರೂ ಸಿಸ್ಟರ್ ಬಂದಿದ್ದರು. ಬೆರಳಿಗೆ ಪಟ್ಟಿ ಸುತ್ತಿದ್ದ ಬಾವಲಿ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿದ್ದ. ಗದ್ದದವರೆಗೆ ಬಂದ ಪಟ್ಟಿಯಲ್ಲಿ ಕತ್ತು ಬಿಗಿದಿದ್ದರಿಂದ ಅಳಿಲು ಕಣ್ಣನ್ನು ಮಾತ್ರ ಹೊರಳಿಸಬಲ್ಲವಳಾಗಿದ್ದಳು.

ಡಾಕ್ಟ್ರು ಎಡಗಾಲಿನ ಹೆಬ್ಬೆರಳು ಮುಟ್ಟಿ, ಆಡಿಸು ನೋಡೋಣ ಎಂದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೆಬ್ಬೆರಳು ಅಲುಗಿತು, ಮತ್ತೊಮ್ಮೆ ಎಂದಾಗ ಮತ್ತೊಮ್ಮೆ ಅಲುಗಿತು. ತಾಯಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಯಾವತ್ತೂ ನಗದ ಸಿಸ್ಟರ್ ಮುಖ ಸಡಿಲವಾಯಿತು.

ಡಾಕ್ಟ್ರು ಹತ್ತಿಯ ತುಂಡಿನಿಂದ ಬಲಗಾಲಿನ ಅಂಗಾಲು ಸವರಿದರು. "ಇಲ್ಲಿ ಏನು ಗೊತ್ತಾಗ್ತಿದೆ ಹೇಳು."

ಅಳಿಲಿನ ಕಣ್ಣು ಡಾಕ್ಟ್ರನ್ನು ಬಿಟ್ಟು, ಅಮ್ಮನನ್ನು ದಾಟಿ, ಕೋಣೆಯೆಲ್ಲ ಹುಡುಕಿ ಬಾಗಿಲ ಪಕ್ಕಕ್ಕೆ ಬಂದು ನಿಂತವು.

"ಅಪ್ಪ, ನಿಜ ಹೇಳ್ಲಾ?"

ಒಂಬತ್ತು ದಿನಗಳಲ್ಲಿ ಮೊದಲ ಸಲ ತಾಯಿ ಮುಖ ಎತ್ತಿ ಗಂಡನನ್ನು ನೋಡಿದಳು. ಬಾವಲಿ ಗೋಡೆ ಬಿಟ್ಟು ಮುಂದೆ ಬಂದ, ಮಗಳ ಕಣ್ಣಿಗೆ ನೇರವಾಗಿ ಬಗ್ಗಿ ನಿಂತ.

"ಹೇಳು ಮಗಾ. ನಿಜಾನೇ ಹೇಳು."

"ಗೊತ್ತಾಗ್ತಿಲ್ಲ," ಎಂದಳು.

ಡಾಕ್ಟ್ರು ಅದನ್ನು ಹಾಳೆಯಲ್ಲಿ ಬರೆದುಕೊಂಡರು. ಹತ್ತಿಯನ್ನು ಮೊಣಕಾಲಿನ ಮೇಲಕ್ಕೆ ಒಯ್ದು ಮತ್ತೆ ಕೇಳಿದರು. ಈ ಸಲ ಅವಳು ಅಪ್ಪನ ಮುಖ ನೋಡಲಿಲ್ಲ.

"ಇಲ್ಲಿ ಗೊತ್ತಾಗ್ತಿದೆ," ಎಂದಳು.